ನಲವತ್ತಮೂರು ಫೋನು, ಒಂದು ಬೆರಳು

"ಮೂರು ಸಲ ಒತ್ತಿದ್ದಾನೆ," ಎಂದೆ.

ಹರ್ಷಿಣಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ನನ್ನ ಮೇಜಿನ ಮೇಲೆ ಅವಳ ಗಂಡ ಪ್ರವೀಣನ ಫೋನಿತ್ತು. ಪಕ್ಕದಲ್ಲಿ ಅದನ್ನು ಸುತ್ತಿದ್ದ ಪ್ಲಾಸ್ಟಿಕ್ ತೊಟ್ಟೆ, ಎರಡು ರಬ್ಬರ್ ಬ್ಯಾಂಡು. ಪ್ರವೀಣ ಮುಳುಗಿದ, ಅವನ ಫೋನು ಮಾತ್ರ ಥರ್ಮಾಕೋಲ್ ಪೆಟ್ಟಿಗೆಯೊಳಗೆ ತೇಲಿಕೊಂಡು ದಡ ಸೇರಿತು. ಇಂಥ ನ್ಯಾಯಕ್ಕೆ ಬೆಂಕಿ ಬೀಳಲಿ ಎಂದು ನಾನು ಹನ್ನೆರಡು ದಿನಗಳಿಂದ ಶಪಿಸುತ್ತಿದ್ದೇನೆ.

"ನೋಡು. ಮಂಗಳವಾರ ಬೆಳಿಗ್ಗೆ ಏಳು ಹತ್ತಕ್ಕೆ ಒಂದು ಒಟಿಪಿ ಬಂದಿದೆ. ಏಳು ಹನ್ನೊಂದಕ್ಕೆ ಇನ್ನೊಂದು. ಏಳು ಹದಿಮೂರಕ್ಕೆ ಮತ್ತೊಂದು. ಜೀವ ಉಳಿಸಿ ಅಂತ ಕೆಂಪು ಗುಂಡಿ ಒತ್ತಿದ್ದಾನೆ. ಅದು, ಈ ನಂಬರ್ ನಿಮ್ಮದೇ ಹೌದಾ ಅಂತ ಕೇಳಿದೆ."

"ನನಗೆ ಕಾಲ್ ಬಂದದ್ದು ಏಳು ಹದಿನಾಲ್ಕಕ್ಕೆ," ಎಂದಳು ಹರ್ಷಿಣಿ. "ನಾಲ್ಕು ಸೆಕೆಂಡು. ಗಾಳಿಯ ಸದ್ದು ಮಾತ್ರ ಝೀಟಕ್ಕ. ನಾನು ಹಲೋ ಹಲೋ ಅಂದೆ. ಕಟ್ಟಾಯಿತು."

ಅವಳು ಅಳಲಿಲ್ಲ. ಸಣ್ಣವಳಿದ್ದಾಗಲೂ ಅಳುತ್ತಿರಲಿಲ್ಲ. ಕಲ್ಯಾಣಪುರದಲ್ಲಿ ನಮ್ಮ ಮನೆಯ ಹಿಂದಿನ ಹೊಳೆಯಲ್ಲಿ ಮರುವಾಯಿ ಚಿಪ್ಪು ಹೆಕ್ಕಿ ಬೆಳೆದ ಹುಡುಗಿ ಇವಳು. ಆ ಸ್ವರ್ಣಾ ಹೊಳೆಯ ತಳಕ್ಕೆ ಮುಳುಗಿ, ದಡದಲ್ಲಿದ್ದವರ ಎದೆ ಹಾರುವಷ್ಟು ಹೊತ್ತು ಒಳಗೇ ಇದ್ದು, ಮುಷ್ಟಿ ತುಂಬ ಚಿಪ್ಪು ಹಿಡಿದು ನಗುತ್ತ ಮೇಲೆ ಬರುತ್ತಿದ್ದಳು. ಮದುವೆಯಾಗಿ ಕಡಲತೀರದ ಕಾಪುವಿಗೆ ಹೋದ ಮೇಲೂ ಆ ನಗು ಹಾಗೇ ಇತ್ತು. ಈಗ ಇಲ್ಲ.

ಪ್ರವೀಣ ಒತ್ತಿದ ಆಪಿನ ಹೆಸರು 'ಕಾಪು ದೀಪ'. ಮಾಡಿದವನು ಕಾಪು ಪೇಟೆಯ ಮೊಬೈಲ್ ಅಂಗಡಿಯ ಹಾಜಬ್ಬರ ಮಗ ಅನ್ಸಾರ್. ಕಡಲಿನಲ್ಲಿ ಆಪತ್ತಾದರೆ ಗುಂಡಿ ಒತ್ತಬೇಕು, ಸುತ್ತಲಿನ ದೋಣಿಗಳಿಗೆಲ್ಲ ಮೆಸೇಜ್ ಹೋಗುತ್ತದೆ. ಫೋನಿನ ಜೊತೆಗೇ ಬರುವ ದೊಡ್ಡ ಆಪ್ ಅಂಗಡಿಯಲ್ಲಿ ಅದನ್ನು ಅವನು ಇಟ್ಟಿರಲಿಲ್ಲ. ಯಾರು ಬೇಕಾದರೂ ತಾವು ಮಾಡಿದ್ದನ್ನು ಒಳಗಿನ ಕೋಡ್ ಸಮೇತ ಇಡಬಹುದಾದ, ಯಾರು ಬೇಕಾದರೂ ಪರೀಕ್ಷಿಸಬಹುದಾದ ತೆರೆದ ಅಂಗಡಿಯಲ್ಲಿ ಇಟ್ಟಿದ್ದ. ಪ್ರವೀಣ ಸತ್ತ ಮರುದಿನವೇ ಊರು ತೀರ್ಪು ಕೊಟ್ಟಿತು. ಹೊರಗಿನ ಆಪು ಕೈಕೊಟ್ಟಿತು, ಅನ್ಸಾರನೇ ಕೊಂದ. ಹಾಜಬ್ಬರ ಅಂಗಡಿಗೆ ಕಲ್ಲು ಬಿತ್ತು. ಅನ್ಸಾರ್ ಕಾರ್ಕಳದಲ್ಲಿ ಅಕ್ಕನ ಮನೆ ಸೇರಿದ.

ಅವನಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದೆ. ಹರ್ಷಿಣಿ ಎದುರಿಗಿದ್ದಾಳೆಂದು ಅವನಿಗೆ ಹೇಳಲಿಲ್ಲ.

"ಒಟಿಪಿಯಾ?" ಎಂದ ಅನ್ಸಾರ್. "ನನ್ನ ದೀಪ ಒಟಿಪಿ ಕೇಳುದೇ ಇಲ್ಲ ಮೇಡಂ. ಮುಳುಗುವವನ ಹತ್ರ ಯಾರಾದರೂ ಒಟಿಪಿ ಕೇಳ್ತಾರಾ? ಆ ಫೋನಿನಲ್ಲಿ ಎಷ್ಟು ದೀಪ ಉಂಟು, ಸರಿ ನೋಡಿ."

ನೋಡಿದೆ. ಎರಡಿದ್ದವು. ಹೆಸರು ಒಂದೇ, ದೀಪದ ಚಿತ್ರ ಒಂದೇ. ಮೊದಲನೆಯದು ಬೂದಿ ಬಣ್ಣಕ್ಕೆ ತಿರುಗಿತ್ತು: ಅಪಾಯಕಾರಿ ಎಂದು ದೂರು ಬಂದ ಕಾರಣ ಸೋಮವಾರ ನಿಲ್ಲಿಸಲಾಗಿದೆ. ಎರಡನೆಯದು ದೊಡ್ಡ ಅಂಗಡಿಯಿಂದ ಬಂದದ್ದು. ಭಾನುವಾರ ಬೆಳಿಗ್ಗೆ ಹನ್ನೊಂದು ಇಪ್ಪತ್ತಕ್ಕೆ ಇಳಿದಿದೆ. ಮಾಡಿದವರು ಮಣಿಪಾಲದ 'ಪಡುಗಾಳಿ ಟೆಕ್'.

"ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಪ್ರವೀಣ ಎಲ್ಲಿದ್ದ?"

"ಕಡಲಲ್ಲಿ," ಎಂದಳು ಹರ್ಷಿಣಿ. "ಫೋನು ಈ ತೊಟ್ಟೆಯೊಳಗೆ. ಬಲೆ ಎಳೆಯುವಾಗ ಅದನ್ನು ಬಿಡಿಸುದೇ ಇಲ್ಲ ಅವರು."

ಅಂದರೆ ಅವನು ಒತ್ತಿದ್ದಲ್ಲ. ಬೇರೆ ಯಾರೋ ಬೇರೆ ಕಡೆಯಿಂದ ಹಾಕಿದ್ದು. ಫೋನಿನ ಖಾತೆ ಯಾವುದೆಂದು ತೆರೆದೆ. ಅಲ್ಲಿ ಪ್ರವೀಣನ ಇಮೇಲ್ ಇರಲಿಲ್ಲ, ಹಾಜಬ್ಬರ ಅಂಗಡಿಯದ್ದಿತ್ತು.

"ನಮ್ಮದೆಲ್ಲ ಹಾಗೇ," ಎಂದಳು ಹರ್ಷಿಣಿ. "ನಮಗೆ ಇಮೇಲ್ ಎಲ್ಲಿ ಉಂಟು? ಹೊಸ ಫೋನು ತಂದರೆ ಹಾಜಬ್ಬಾಕನೇ ಅವರದ್ದು ಹಾಕಿ ಕೊಡ್ತಾರೆ."

ಇಡೀ ಊರಿನ ಫೋನುಗಳಿಗೆ ಒಂದೇ ಬೀಗದ ಕೈ. ಅದು ಯಾರ ಬೆರಳಿಗೆ ಸಿಕ್ಕಿತು ಎಂಬುದೊಂದೇ ಈಗ ಉಳಿದ ಪ್ರಶ್ನೆ.

"ನಾಲ್ಕು ಗಂಟೆಗೆ ದೋಣಿ ಶೆಡ್ಡಿನಲ್ಲಿ ಊರಿನವರೆಲ್ಲ ಸೇರ್ತಾರೆ. ನಾಳೆ ಬೊಜ್ಜ. ಅವರ ಉತ್ತರಕ್ರಿಯೆಯ ಮೊದಲು ನನಗೆ ಆ ಹೆಸರು ಬೇಕು ಝೀಟಕ್ಕ. ಹೆಸರು ಕೊಟ್ಟ ಮೇಲೆ ನನ್ನನ್ನು ತಡೀಬಾರದು."

ಅವಳು ಕೈ ಚಾಚಿದಳು. ಇಪ್ಪತ್ತೆರಡು ವರ್ಷ ಪೊಲೀಸ್ ಖಾಕಿ ಹಾಕಿ, ಈಗ ಪತ್ತೇದಾರಿ ಕಚೇರಿ ಇಟ್ಟುಕೊಂಡವಳು ನಾನು. ಆ ಕೈ ಹಿಡಿಯಬಾರದಿತ್ತು. ಆದರೆ ಮೂರು ಒಟಿಪಿ ನನ್ನ ಕಣ್ಣೆದುರೇ ಇದ್ದವು. "ಉಪ್ಪು ತಿಂದವ ನೀರು ಕುಡಿಯಲೇಬೇಕು," ಎಂದು ಅವಳ ಕೈಮೇಲೆ ಕೈಯಿಟ್ಟು ಮಾತು ಕೊಟ್ಟೆ. ಬಾಗಿಲ ಮೂಲೆಗೆ ಒರಗಿಸಿದ್ದ ಹೊಸ ನೀಲಿ ಕೊಡೆ ಎತ್ತಿಕೊಂಡು ಅವಳು ಮೆಟ್ಟಿಲಿಳಿದಳು. ಕಿಟಕಿಯಿಂದ ನೋಡಿದೆ. ಉಡುಪಿಯ ಸಿಟಿ ಬಸ್ ಸ್ಟ್ಯಾಂಡಿನ ಬಿಸಿಲಿನಲ್ಲಿ ಕೊಡೆ ಬಿಚ್ಚದೆ ನಡೆದು ಹೋದಳು.

ಪಡುಗಾಳಿ ಟೆಕ್ ಇದ್ದದ್ದು ಮಣಿಪಾಲದ ಈಶ್ವರನಗರದಲ್ಲಿ, ಮೂರನೇ ಮಾಳಿಗೆಯಲ್ಲಿ. ಮಾಲೀಕ ಕಾರ್ಲ್ಟನ್ ಕೊಂಕಣಿಯಲ್ಲಿ ಮಾತು ತೆಗೆದ. ನಾನು ಕನ್ನಡದಲ್ಲೇ ಉತ್ತರ ಕೊಟ್ಟೆ. ಇಂಥವರ ಹತ್ತಿರ ಮನೆಮಾತು ಆಡಿದರೆ ಸಿಟ್ಟು ಇಳಿದುಬಿಡುತ್ತದೆ. ನನಗೆ ಇಳಿಸಿಕೊಳ್ಳುವ ಮನಸ್ಸಿರಲಿಲ್ಲ.

"ಆಂಟಿ, ನಮ್ಮದು ದೊಡ್ಡ ಅಂಗಡಿಯಲ್ಲಿರುವ ಆಪ್. ಅಲ್ಲಿ ಬಾಗಿಲಲ್ಲಿ ಕಾವಲು ಉಂಟು..."

"ಆಂಟಿ ಅಲ್ಲ, ಮೇಡಂ. ದೀಪದ ಚಿತ್ರ ಅನ್ಸಾರನದ್ದು. ಹೆಸರು ಅವನದ್ದು. ನಿನ್ನದು ಎಂತ ಅದರಲ್ಲಿ?"

"ಅವನು ತೆರೆದು ಇಟ್ಟಿದ್ದ ಮೇಡಂ. ಯಾರು ಬೇಕಾದರೂ ತೆಗೊಳ್ಳಬಹುದು ಅಂತ ಅವನೇ ಬರೆದಿದ್ದಾನೆ."

"ತೆಗೊಂಡ ಮೇಲೆ, ಅವನದ್ದೇ ಅಪಾಯಕಾರಿ ಅಂತ ದೂರು ಕೊಡಿ ಅಂತಲೂ ಬರೆದಿದ್ದಾನಾ?"

ಕಾರ್ಲ್ಟನ್ ಕುರ್ಚಿಯಲ್ಲಿ ಹಿಂದಕ್ಕೆ ಒರಗಿದ. ಏಸಿ ಇದ್ದರೂ ಮೂಗಿನ ಮೇಲೆ ಬೆವರು.

"ನಿಮಗೇ ಗೊತ್ತುಂಟು. ತೆರೆದ ಅಂಗಡಿ ಅಂದರೆ ಸಂತೆ. ಯಾರು ಎಂತ ತಂದು ಇಡ್ತಾರೆ ಹೇಳ್ಲಿಕ್ಕಾಗುದಿಲ್ಲ. ಜನರ ಸೇಫ್ಟಿಗೆ ಒಂದೇ ಬಾಗಿಲು ಇರುದು ಒಳ್ಳೇದು."

"ಸಂತೆಯಲ್ಲಿ ಕೊಳೆತ ಮೀನೂ ಬರ್ತದೆ, ಒಪ್ಪಿದೆ. ಆದರೆ ಅಲ್ಲಿ ಕಿವಿರು ಎತ್ತಿ ನೋಡ್ಲಿಕ್ಕೆ ಬಿಡ್ತಾರೆ. ನಿನ್ನದು ಪ್ಯಾಕೆಟ್ ಮೀನು ಮಾರಾಯ. ಮೇಲೆ ಚಂದದ ಚಿತ್ರ ಉಂಟು. ಒಳಗೆ ಎಂತ ಉಂಟು ಅಂತ ಪ್ರವೀಣನಿಗೆ ಗೊತ್ತಾದದ್ದು ನೀರು ಸೊಂಟಕ್ಕೆ ಬಂದ ಮೇಲೆ."

"ಮೊದಲ ಸಲ ತೆರೆದಾಗ ರಿಜಿಸ್ಟರ್ ಮಾಡ್ಬೇಕು. ಅದು ಎಲ್ಲ ಆಪಿನಲ್ಲೂ ಉಂಟು."

"ಅರ್ಧ ಮೈಲಿಯೊಳಗೆ ಮೂರು ದೋಣಿ ಇದ್ದವು ಕಾರ್ಲ್ಟನ್. ಒಂದು ಮೆಸೇಜ್ ಸಾಕಿತ್ತು. ಒದ್ದೆ ಕೈಯಲ್ಲಿ ಅವನು ಮೂರು ಸಲ ನಿನ್ನ ಬಾಗಿಲು ಬಡಿದ. ನೀನು ಮೂರು ಸಲವೂ ಯಾರು ಅಂತ ಕೇಳಿದೆ."

ಅವನ ಮುಖ ಬಿಳಿಚಿತು. ಪಶ್ಚಾತ್ತಾಪ ಎಂದು ಒಂದು ಕ್ಷಣ ನಂಬಿದೆ. ಹೆದರಿಕೆ ಅಷ್ಟೆ. ವಕೀಲರ ಹೆಸರು ಎತ್ತಿದ, ಆಮೇಲೆ ಕಂಪ್ಯೂಟರಿನ ಪರದೆಯನ್ನು ನನ್ನ ಕಡೆಗೆ ತಿರುಗಿಸಿದ.

"ನಾನು ಯಾರ ಫೋನಿಗೂ ಕೈ ಹಾಕಲಿಲ್ಲ. ದೊಡ್ಡ ಅಂಗಡಿಯ ನಿಯಮ ಅದು, ಖಾತೆಯವರು ಒತ್ತಿದರೆ ಮಾತ್ರ ಇಳಿಯುದು. ಇಲ್ಲಿ ನೋಡಿ. ಭಾನುವಾರ ಹನ್ನೊಂದು ಇಪ್ಪತ್ತಕ್ಕೆ ಕಾಪುವಿನಲ್ಲಿ ಒಟ್ಟಿಗೇ ನಲವತ್ತಮೂರು ಫೋನಿಗೆ ಇಳಿದಿದೆ. ಒಂದೊಂದಾಗಿ ಅಲ್ಲ. ಯಾರೋ ಎಲ್ಲ ಫೋನಿಗೂ ಟಿಕ್ ಹಾಕಿ ಒಂದೇ ಸಲ ಒತ್ತಿದ್ದಾರೆ. ಆ ಬೆರಳು ನನ್ನದಲ್ಲ."

"ಯಾರದ್ದು?"

"ನನಗೆ ಸಂಖ್ಯೆ ಮಾತ್ರ ಕಾಣುದು."

"ಕಾಪುವಿನಲ್ಲಿ ನಿನ್ನನ್ನು ಕರೆದುಕೊಂಡು ತಿರುಗಿದ್ದು ಯಾರು?"

ಕಾರ್ಲ್ಟನ್ ಪರದೆಯನ್ನು ಮತ್ತೆ ತನ್ನ ಕಡೆಗೆ ತಿರುಗಿಸಿಕೊಂಡ. "ಊರಿನ ದೊಡ್ಡವರೊಬ್ಬರು. ಹೆಸರು ನಾನು ಹೇಳುದಿಲ್ಲ, ನೀವು ಎಂತ ಮಾಡಿದರೂ ಸರಿ. ಅನ್ಸಾರನ ದೀಪದಲ್ಲಿ ಯಾವ ದೋಣಿ ಎಲ್ಲಿ ಉಂಟು ಅಂತ ಎಲ್ಲರಿಗೂ ಕಾಣ್ತಿತ್ತು. ಕೆಲವರಿಗೆ ಅದು ಬೇಡ. ಮೀನು ಹಿಡಿಯಬಾರದ ಜಾಗಕ್ಕೆ ಹೋಗುವವರೂ ಇರ್ತಾರಲ್ಲ? ನಮ್ಮದರಲ್ಲಿ ಅದು ಕಾಣುದಿಲ್ಲ. ಅವರಿಗೆ ಅಷ್ಟು ಸಾಕಿತ್ತು."

ಹೊರಡುವಾಗ ಬಾಗಿಲ ಬಳಿ ದೊಡ್ಡ ರಟ್ಟಿನ ಪೆಟ್ಟಿಗೆ ಕಂಡಿತು. ತುಂಬ ಹೊಸ ಕೊಡೆಗಳು. ನೀಲಿ ಬಟ್ಟೆ, ಅಂಚಿನಲ್ಲಿ ಬಿಳಿ ದೀಪ.

"ಆಪ್ ಹಾಕಿಸಿಕೊಂಡವರಿಗೆ ಫ್ರೀ," ಎಂದ ಕಾರ್ಲ್ಟನ್. "ಬೇಕಾದರೆ ನೀವೂ ಒಂದು ತೆಗೊಳ್ಳಿ."

ಆ ಕೊಡೆಯಿಂದಲೇ ಅವನ ಬುರುಡೆಗೆ ಎರಡು ಬಿಡಬೇಕೆನಿಸಿತು. ಆ ಆಸೆಯಲ್ಲೇ ಮುಳುಗಿದ್ದೆ, ಅದಕ್ಕೇ ಅದನ್ನು ಎಲ್ಲಿ ನೋಡಿದ್ದೆ ಎಂಬುದು ಹೊಳೆಯಲಿಲ್ಲ. ಸಿಟ್ಟು ಬಂದವರಿಗೆ ಕಣ್ಣಿರುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದುದು ನನ್ನನ್ನೇ ನೋಡಿ.

ಕಾಪುವಿನಲ್ಲಿ ಹಾಜಬ್ಬರ ಅಂಗಡಿಯ ಶಟರ್ ಅರ್ಧ ಇಳಿದಿತ್ತು. ಬಗ್ಗಿ ಒಳಗೆ ಹೋದೆ. ಶೋಕೇಸಿನ ಒಡೆದ ಗಾಜಿಗೆ ರಟ್ಟು ಅಂಟಿಸಿದ್ದರು. ಮುದುಕರು ಸ್ಟೂಲಿನ ಮೇಲೆ ಕುಳಿತಿದ್ದರು. ಎದುರಿಗೆ ರಿಪೇರಿಗೆ ಬಂದ ಒಂದೇ ಒಂದು ಫೋನೂ ಇರಲಿಲ್ಲ.

"ಇಪ್ಪತ್ತು ವರ್ಷ ಮೇಡಂ," ಎಂದರು. "ಕಡಲಿಗೆ ಹೋಗುವವರ ಫೋನೆಲ್ಲ ನಾನೇ ನೋಡಿದ್ದು. ಪ್ರತಿಯೊಬ್ಬರಿಗೂ ಹೊಸ ಇಮೇಲ್ ಮಾಡಿದರೆ ಪಾಸ್‌ವರ್ಡ್ ಮರೀತಾರೆ, ಮತ್ತೆ ನನ್ನ ಹತ್ರವೇ ಬರ್ತಾರೆ. ಅದಕ್ಕೆ ಎಲ್ಲರಿಗೂ ನನ್ನದೇ ಹಾಕಿದೆ. ಉಪಕಾರ ಅಂತ ಮಾಡಿದ್ದು. ತಪ್ಪಾಯಿತಾ?"

"ತಪ್ಪಾಯಿತು ಹಾಜಬ್ಬಾಕ. ಆದರೆ ಕೊಂದದ್ದು ನೀವಲ್ಲ. ಆ ಖಾತೆ ತೆರೆಯಿರಿ."

ಕನ್ನಡಕ ಏರಿಸಿಕೊಂಡು ತೆರೆದರು. ಫೋನುಗಳ ಉದ್ದ ಪಟ್ಟಿ. ಯಾವ ಫೋನು ಯಾರದ್ದೆಂದು ಗೊತ್ತಾಗಲು ಒಂದೊಂದಕ್ಕೂ ಅವರೇ ಕನ್ನಡದಲ್ಲಿ ಹೆಸರು ಕೊಟ್ಟಿದ್ದರು. ಅಮ್ಮಣ್ಣಿ ಮೀನು. ಲೈಟ್‌ಹೌಸ್ ಶೇಖರ. ಪ್ರವೀಣ. ಎಣಿಸಿದೆ, ನಲವತ್ತನಾಲ್ಕು. ಹೊಸ ದೀಪ ಇಳಿದದ್ದು ನಲವತ್ತಮೂರಕ್ಕೆ. ಒಂದಕ್ಕೆ ಮಾತ್ರ ಟಿಕ್ ಇರಲಿಲ್ಲ. ಆ ಹೆಸರನ್ನು ಎರಡು ಸಲ ಓದಿ ನೆನಪಿನಲ್ಲಿಟ್ಟುಕೊಂಡೆ.

"ಇನ್ನು, ಯಾವ ಫೋನಿನಿಂದ ಒತ್ತಿದ್ದು ಅಂತ ತೋರಿಸಿ."

ಭಾನುವಾರದ ಸಾಲಿಗೆ ಬಂದರು. ಓದಿದರು. ಆಮೇಲೆ ಪರದೆಯ ಮೇಲೆ ಅಂಗೈ ಮುಚ್ಚಿದರು.

"ಬೇಡ ಮೇಡಂ. ಅಪವಾದ ನನ್ನ ಮಗನ ಮೇಲೇ ಇರಲಿ."

ಅವರ ಕೈಯನ್ನು ಮೆಲ್ಲಗೆ ಸರಿಸಿದೆ. ಅಲ್ಲಿ ಬರೆದಿತ್ತು: ಪ್ರವೀಣನ ಹೆಂಡತಿ.

ಆಗ ನನಗೆ ನೀಲಿ ಕೊಡೆ ನೆನಪಾಯಿತು.

ದೀಪಸ್ತಂಭದ ತೆಂಕು ಬದಿಯ ದೋಣಿ ಶೆಡ್ಡಿನಲ್ಲಿ ನಾಲ್ಕು ಗಂಟೆಗೆ ಎಪ್ಪತ್ತು ಜನರಿದ್ದರು. ಹೊರಗೆ ಎರಡು ಪಿಕಪ್ ಗಾಡಿ ತಯಾರಾಗಿ ನಿಂತಿದ್ದವು. ನಡುವೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದೋಣಿಯವರ ಮುಖಂಡ ಹೂವಪ್ಪಣ್ಣ, ಪ್ರವೀಣನ ಚಿಕ್ಕಪ್ಪ. ಮಂಡಿ ಆಪರೇಶನ್ ಆದ ಮೇಲೆ ಅವರು ಕಡಲಿಗೆ ಇಳಿದಿಲ್ಲ. ದೋಣಿಯಲ್ಲಿ ಕೂರಬಹುದು, ಈಜಲು ಸಾಧ್ಯವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಅವರೇ ಊರಿಗೆಲ್ಲ ಹೇಳಿಕೊಂಡಿದ್ದಾರೆ. ಈಗ ಅವರ ದೊಡ್ಡ ದೋಣಿ ನಡೆಸುವುದು ಆಳುಗಳು.

"ಹೆಸರು ಹೇಳಿ ಮೇಡಂ," ಎಂದರು. "ಅನ್ಸಾರ್ ಕಾರ್ಕಳದಲ್ಲಿ ಇದ್ದಾನಂ‌ತೆ. ನೀವು ಹೂಂ ಅಂದರೆ ಸಾಕು, ಗಾಡಿ ರೆಡಿ ಉಂಟು."

"ಅನ್ಸಾರ್ ಅಲ್ಲ," ಎಂದೆ. "ಅವನ ದೀಪವನ್ನು ಸೋಮವಾರವೇ ಆರಿಸಿದ್ದರು. ಪ್ರವೀಣ ಒತ್ತಿದ್ದು ಬೇರೆ ದೀಪ. ಅದನ್ನು ಭಾನುವಾರ ಯಾರೋ ನಿಮ್ಮೆಲ್ಲರ ಫೋನಿಗೂ ಒಟ್ಟಿಗೆ ಹಾಕಿದ್ದಾರೆ. ನಿಮ್ಮ ನಿಮ್ಮ ಫೋನು ನೋಡಿಕೊಳ್ಳಿ."

ಎಪ್ಪತ್ತು ಜನ ಕಿಸೆಗೆ ಕೈ ಹಾಕಿದರು. ಹೂವಪ್ಪಣ್ಣ ಹಾಕಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಹಿಡಿಯುವುದು ಸುಲಭ. ಮುಟ್ಟಿಕೊಳ್ಳದೆ ಕೂರುವವರನ್ನು ಹಿಡಿಯಲು ನನಗೆ ಹನ್ನೆರಡು ದಿನ ಬೇಕಾಯಿತು.

ಗದ್ದಲದ ನಡುವೆ ಹರ್ಷಿಣಿಯ ತೋಳು ಹಿಡಿದು ಶೆಡ್ಡಿನ ಹಿಂದಕ್ಕೆ ಕರೆದುಕೊಂಡು ಹೋದೆ. ಸುಳ್ಳು ಹೇಳಿಬಿಡೋಣ ಎಂದು ದಾರಿಯುದ್ದಕ್ಕೂ ಯೋಚಿಸಿದ್ದೆ. ಅವಳ ಮುಖ ನೋಡಿದ ಮೇಲೆ ಆಗಲಿಲ್ಲ.

"ಈ ಕೊಡೆ ನಿನಗೆ ಎಲ್ಲಿ ಸಿಕ್ಕಿತು?"

"ಇದಾ? ಹಾಜಬ್ಬಾಕನ ಅಂಗಡಿ ಎದುರು. ಕಂಪನಿಯವರು ಮೇಜು ಇಟ್ಟು ಕೊಡ್ತಿದ್ದರು. ನಾನು ಮೀನು ಮಾರಿ ಬರ್ತಿದ್ದೆ, ಹೂವಪ್ಪ ಮಾವ ಕರೆದರು. ಮಗಾ, ಫೋನು ಕೊಡು, ಕೊಡೆ ಸಿಗ್ತದೆ ಅಂತ. ಅದರಲ್ಲಿ ಒಂದು ಉದ್ದ ಪಟ್ಟಿ ಬಂತು, ಎಲ್ಲರ ಹೆಸರೂ ಇತ್ತು. ಮಾವ ಒಂದೊಂದಕ್ಕೆ ಟಿಕ್ ಹಾಕಿದರು. ಕೊನೆಗೆ, ಇನ್ನು ನೀನೇ ಒತ್ತು ಅಂತ ನನ್ನ ಕೈಗೆ..."

ಅಲ್ಲಿಗೆ ನಿಂತಳು.

ನಾನು ಏನೂ ಹೇಳಬೇಕಾಗಲಿಲ್ಲ. ಅವಳು ತನ್ನ ಬಲಗೈಯ ಹೆಬ್ಬೆರಳನ್ನು ನೋಡಿಕೊಂಡಳು. ಬಹಳ ಹೊತ್ತು ನೋಡಿದಳು.

"ಯಾವತ್ತು ಅದು?" ಎಂದು ಅವಳೇ ಕೇಳಿ, ಅವಳೇ ಉತ್ತರಿಸಿದಳು. "ಭಾನುವಾರ."

"ನಿನ್ನ ತಪ್ಪಲ್ಲ ಹರ್ಷಿಣಿ."

"ಅವರ ಫೋನಿನಲ್ಲಿ ಯಾಕೆ ಒತ್ತಲಿಲ್ಲ ಮಾವ?"

"ಒತ್ತಿದವರ ಹೆಸರು ಉಳಿಯುತ್ತದೆ ಅಂತ ಯಾರೋ ಹೇಳಿಕೊಟ್ಟಿರಬೇಕು."

"ಅವರ ಫೋನಿಗೆ ಟಿಕ್ ಹಾಕಿದ್ದಾರಾ?"

ನಾನು ಶೆಡ್ಡಿನ ಕಡೆಗೆ ತಿರುಗಿದೆ.

"ಝೀಟಕ್ಕ, ಮಾತು ಕೊಟ್ಟಿದ್ದೀರಿ."

"ಇಲ್ಲ," ಎಂದೆ. "ನಲವತ್ತನಾಲ್ಕರಲ್ಲಿ ಒಂದಕ್ಕೆ ಹಾಕಿರಲಿಲ್ಲ. 'ಹೂವಪ್ಪ ದೊಡ್ಡ ದೋಣಿ'. ದೊಡ್ಡ ದೋಣಿ ಎಲ್ಲಿ ಹೋಗ್ತದೆ ಅಂತ ಕಾಣಿಸುವ ಹಳೆಯ ದೀಪ ಆರಬೇಕಿತ್ತು ಅವರಿಗೆ. ಹೊಸತು ಬೇಕಿರಲಿಲ್ಲ."

"ತನಗೆ ಬೇಡದ್ದನ್ನು ನನ್ನ ಗಂಡನಿಗೆ ಹಾಕಿಸಿದರು. ಅದೂ ನನ್ನ ಕೈಯಿಂದ." ಅವಳ ಸ್ವರದಲ್ಲಿ ನಡುಕವಿರಲಿಲ್ಲ. ಅದು ನನ್ನನ್ನು ಹೆದರಿಸಿತು. "ಇಷ್ಟು ದಿನ ನಮ್ಮ ಮನೆಯಲ್ಲಿ ಕೂತು ಅತ್ತಿದ್ದಾರೆ ಝೀಟಕ್ಕ. ನಾನೇ ಚಾ ಮಾಡಿ ಕೊಟ್ಟಿದ್ದೇನೆ."

"ಹಾಜಬ್ಬರ ಪಟ್ಟಿ ಉಂಟು, ಕಾರ್ಲ್ಟನ್‌ನ ಲೆಕ್ಕ ಉಂಟು. ನಾಳೆಯೇ ಪೊಲೀಸರಿಗೆ..."

"ಪಟ್ಟಿಯಲ್ಲಿ ಇರುದು ನನ್ನ ಹೆಸರು," ಎಂದಳು.

ಅವಳು ಸೆರಗು ಸರಿಮಾಡಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಹೋದಳು. ನಾನು ಹಿಂದೆಯೇ ಓಡಿದೆ.

"ಮಾವ, ಹೆಸರು ಸಿಕ್ಕಲಿಲ್ಲ," ಎಂದಳು ಹೂವಪ್ಪಣ್ಣನ ಎದುರು ನಿಂತು. "ಝೀಟಕ್ಕನಿಗೆ ಇನ್ನೂ ಎರಡು ದಿನ ಬೇಕಂತೆ. ಗಾಡಿ ವಾಪಸು ಕಳಿಸಿ."

ಹೂವಪ್ಪಣ್ಣ ಉಸಿರು ಬಿಟ್ಟದ್ದು ನನಗೆ ಕಾಣಿಸಿತು. ಅವಳಿಗೂ ಕಾಣಿಸಿರಬೇಕು.

"ಮತ್ತೊಂದು ಮಾತು. ನಾಳೆ ಬೊಜ್ಜ. ಅವರು ಮುಳುಗಿದ ಜಾಗದಲ್ಲಿ ಹೂ ಬಿಡಬೇಕು ಅಂತ ನನಗೆ. ಶಂಕರಪುರದಿಂದ ಮಲ್ಲಿಗೆ ಹೇಳಿದ್ದೇನೆ. ಅವರ ದೋಣಿಯಲ್ಲೇ ಹೋಗುವ, ರಿಪೇರಿ ಆಗಿದೆ. ತುಂಬ ಜನ ಬೇಡ. ನೀವು ಇಂಜಿನ್ ಹಿಡಿಯಿರಿ, ನಾನು ಹೂ ಹಿಡೀತೇನೆ."

"ನನ್ನ ಮಂಡಿ, ಮಗಾ..."

"ಕೂತುಕೊಂಡರೆ ಸಾಕು ಮಾವ. ತಂದೆಯ ಜಾಗದಲ್ಲಿ ನೀವಲ್ಲದೆ ಯಾರಿದ್ದಾರೆ?"

ಎಪ್ಪತ್ತು ಜನ ನೋಡುತ್ತಿದ್ದರು. ಗಂಡನನ್ನು ಕಳೆದುಕೊಂಡವಳು ಕೈಮುಗಿದು ಕೇಳಿದ್ದನ್ನು ಊರಿನ ಮುಖಂಡ ಇಲ್ಲ ಎನ್ನಲಾಗುತ್ತದೆಯೇ? ಹೂವಪ್ಪಣ್ಣ ಕಣ್ಣೊರೆಸಿಕೊಂಡರು. "ಆಯ್ತು ಮಗಾ. ಬೆಳಿಗ್ಗೆ ಏಳಕ್ಕೆ ಹೊರಡುವ."

"ಏಳು ಹತ್ತಕ್ಕೆ ಅಲ್ಲಿ ಇರಬೇಕು," ಎಂದಳು ಹರ್ಷಿಣಿ. ಕೈಯಲ್ಲಿದ್ದ ನೀಲಿ ಕೊಡೆಯನ್ನು ಅವರ ತೊಡೆಯ ಮೇಲೆ ಇಟ್ಟಳು. "ಬಿಸಿಲು ಇರ್ತದೆ. ಇದು ನಿಮಗೆ."

ನಾನು ಬಾಯಿ ತೆರೆದೆ. ಅವಳು ತಿರುಗಿ ನನ್ನ ಕೈಯನ್ನು ನೋಡಿದಳು, ಬೆಳಿಗ್ಗೆ ಮಾತು ಕೊಟ್ಟ ಕೈಯನ್ನು. ಬಾಯಿ ಮುಚ್ಚಿಕೊಂಡೆ.

ಜನ ಚದುರಿದರು. ಹರ್ಷಿಣಿ ಮರಳಿನಲ್ಲಿ ನಡೆದು ಪ್ರವೀಣನ ದೋಣಿಯ ಹತ್ತಿರ ಹೋದಳು. ಅವನು ಸತ್ತ ಮೇಲೆ ಎಲ್ಲ ದೋಣಿಗಳಿಗೂ ಹಂಚಿದ್ದ ಲೈಫ್ ಜಾಕೆಟ್ ಅದರಲ್ಲೂ ಎರಡಿದ್ದವು. ಎರಡನ್ನೂ ತೆಗೆದು, ಮರಳು ಕೊಡವಿ, ಶೆಡ್ಡಿಗೆ ತಂದು ಗೋಡೆಯ ಮೊಳೆಗೆ ನೇತುಹಾಕಿದಳು.